ಒಂಬತ್ತು ತಿಂಗಳ ಚುಚ್ಚುಮದ್ದಿಗೆ ಮಾವನವರು ಒಪ್ಪುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಹೊಸನಗರದ ಸೊಸೆ

ನಮ್ಮದು ಹೊಸನಗರ ತಾಲ್ಲೂಕಿನ ಒಳಗಿನ ಒಂಟಿ ಮನೆ. ಡಾಂಬರು ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಮಣ್ಣಿನ ದಾರಿಯಲ್ಲಿ ಇಳಿದರೆ ತೋಟದ ಅಂಚಿನಲ್ಲಿ ಸಿಗುತ್ತದೆ. ಮನೆಯಲ್ಲಿ ಮಾವ, ಅತ್ತೆ, ನಾನು ಮತ್ತು ಹತ್ತು ತಿಂಗಳ ಮಗಳು ಇದ್ದೇವೆ. ಯಜಮಾನರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಾರೆ. ನಾದಿನಿ ಐದು ತಿಂಗಳ ಗರ್ಭಿಣಿ. ನವರಾತ್ರಿಯ ಹೊತ್ತಿಗೆ ಸೀಮಂತ ಮುಗಿಸಿ ಬಾಣಂತನಕ್ಕೆ ಇಲ್ಲಿಗೇ ಬರುವವಳಿದ್ದಾಳೆ.

ಮಗಳಿಗೆ ಹುಟ್ಟಿದಾಗಿನ ಲಸಿಕೆಗಳೂ ಆರು ಮತ್ತು ಹತ್ತು ವಾರದವೂ ನಾನು ತವರಿನಲ್ಲಿದ್ದಾಗ ಯಾರ ತಕರಾರೂ ಇಲ್ಲದೆ ಮುಗಿದವು. ಹದಿನಾಲ್ಕು ವಾರದ್ದು ಇಲ್ಲಿಗೆ ಬಂದ ಮೇಲೆ ಆಯಿತು, ಜಗಳ ಹುಟ್ಟಿದ್ದು ಅಲ್ಲಿಂದಲೇ. ಅಂದು ರಾತ್ರಿ ಮಗುವಿಗೆ ಜ್ವರ ಏರಿತು, ಬೆಳಗಿನ ಜಾವದವರೆಗೂ ಅತ್ತಿತು. ತೊಡೆಯಲ್ಲಿ ಗೋಟಡಿಕೆಯಷ್ಟು ಗಟ್ಟಿಯಾದ ಗಂಟು ಎದ್ದು ಎರಡು ವಾರ ಹಾಗೆಯೇ ಉಳಿಯಿತು. ಅತ್ತೆಯವರು ಆ ಗಂಟನ್ನು ದಿನಕ್ಕೆ ನಾಲ್ಕು ಬಾರಿ ಮುಟ್ಟಿ ನೋಡಿ ಕಣ್ಣೀರು ಹಾಕುತ್ತಿದ್ದರು. ಮಾವನವರು ಆಗಲೇ ಹೇಳಿಬಿಟ್ಟರು: “ಇನ್ನು ಮೇಲೆ ಈ ಮನೆಯ ಮಗುವಿಗೆ ಸೂಜಿ ಬೇಡ.”

ಅವರ ವಿರೋಧಕ್ಕೆ ಹಳೆಯ ಕಾರಣವೊಂದಿದೆ. ಅವರು ಮಂಗನ ಕಾಯಿಲೆಯ ಲಸಿಕೆಯನ್ನು ಎರಡು ಸಲ ಹಾಕಿಸಿಕೊಂಡವರು. ಆದರೂ ಆ ಬೇಸಿಗೆಯಲ್ಲಿ ಸೊಪ್ಪಿನಬೆಟ್ಟಕ್ಕೆ ದರಗು ಗುಡಿಸಲು ಹೋಗಿ ಬಂದವರು ಕಾಯಿಲೆ ಬಿದ್ದು, ಎದ್ದು ಓಡಾಡುವಷ್ಟರಲ್ಲಿ ಮಳೆಗಾಲ ಹಿಡಿದಿತ್ತಂತೆ. “ಹಾಕಿಸಿಕೊಂಡ ನಾನು ಮಲಗಿದೆ, ಹಾಕಿಸಿಕೊಳ್ಳದ ಪಕ್ಕದ ಮನೆಯವನು ಗದ್ದೆ ಹೂಡಿದ” ಎನ್ನುವ ಅವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಇದರ ಮೇಲೆ, ದಡಾರದ ಲಸಿಕೆಯಿಂದ ಮಕ್ಕಳಿಗೆ ಮಾತು ನಿಂತುಹೋಗುತ್ತದೆ ಎಂಬ ವಿಡಿಯೊ ಒಂದು ಅವರ ಮೊಬೈಲಿಗೆ ಬಂದಿದೆ. ಮಳೆಗಾಲದಲ್ಲಿ ಮೂರು ಮೂರು ದಿನ ಕರೆಂಟ್ ಇರುವುದಿಲ್ಲ, ಆ ಮದ್ದು ಕೆಟ್ಟಿರುವುದಿಲ್ಲವೇ ಎಂದೂ ಕೇಳುತ್ತಾರೆ. ಅತ್ತೆಯವರು ಪ್ರತಿ ತಿಂಗಳು ಪುಷ್ಯ ನಕ್ಷತ್ರದ ದಿನ ತಪ್ಪದೆ ಸ್ವರ್ಣಪ್ರಾಶನ ಹಾಕಿಸುತ್ತಿದ್ದು, ಮಗುವಿಗೆ ಅದೇ ಸಾಕೆಂಬುದು ಅವರ ನಂಬಿಕೆ. ಯಜಮಾನರನ್ನು ಕೇಳಿದರೆ “ಮಳೆಗಾಲ ಕಳೆಯಲಿ, ಅಪ್ಪನಿಗೆ ನಾನೇ ಹೇಳುತ್ತೇನೆ” ಎನ್ನುತ್ತಾರೆ. ಒಂಬತ್ತು ತಿಂಗಳಿಗೆ ಹಾಕಿಸಬೇಕಾಗಿದ್ದ ದಡಾರದ ಚುಚ್ಚುಮದ್ದು ಹೀಗೆ ಒಂದು ತಿಂಗಳು ತಡವಾಗಿದೆ.

ಮಾವನವರು ಮಂಡಿಗೆ ಹೋಗುವ ಗುರುವಾರ ನೋಡಿಕೊಂಡು ಬಂದರೆ ತಾನೇ ಜೊತೆಗಿದ್ದು ಹಾಕಿಸಿಕೊಡುವುದಾಗಿ ನಮ್ಮೂರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ಹೇಳಿದ್ದಾರೆ. ಯಾರಿಗೂ ಹೇಳದೆ ಹಾಕಿಸಿಕೊಂಡು ಬರುವುದು ಸರಿಯೇ? ಅಥವಾ ಅವರನ್ನು ಒಪ್ಪಿಸುವ ದಾರಿ ಏನಾದರೂ ಇದೆಯೇ? ಅನುಭವವಿದ್ದವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಆರೋಗ್ಯ ಸಹಾಯಕಿ, ಸಾಗರ

ತಂಗೀ, ಮೊದಲು ಸಮಾಧಾನ ಮಾಡಿಕೊಳ್ಳಿ. ಒಂದು ತಿಂಗಳು ತಡವಾದದ್ದರಿಂದ ಅವಕಾಶವೇನೂ ತಪ್ಪಿಹೋಗಿಲ್ಲ. ದಡಾರ ಮತ್ತು ರುಬೆಲ್ಲಾ (ಜರ್ಮನ್ ದಡಾರ) ಎರಡನ್ನೂ ತಡೆಯುವ ಲಸಿಕೆಯನ್ನು ಒಂಬತ್ತು ತಿಂಗಳು ತುಂಬಿದ ಮೇಲೆ ಕೊಡುತ್ತೇವೆ, ತಪ್ಪಿಹೋದ ಮಕ್ಕಳಿಗೆ ಐದು ವರ್ಷದೊಳಗೆ ಯಾವಾಗ ಬಂದರೂ ಹಾಕುತ್ತೇವೆ. ಒಂಬತ್ತು ತಿಂಗಳೇ ಏಕೆಂದರೆ, ತಾಯಿಯಿಂದ ಬಂದ ರಕ್ಷಣೆ ಮಗುವಿನ ಮೈಯಲ್ಲಿರುವಾಗ ಈ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ, ಆ ರಕ್ಷಣೆ ಕರಗಿದ ಮೇಲೆ ಮಗುವಿಗೆ ಬೇರೆ ಆಸರೆ ಇರುವುದಿಲ್ಲ. ನಿಮ್ಮ ಮಗಳು ಈಗ ಇರುವುದು ಆ ನಡುವಿನ ಹೊತ್ತಿನಲ್ಲಿ, ಆದ್ದರಿಂದ ಮಳೆಗಾಲ ಕಳೆಯಲೆಂದು ಕಾಯುವುದು ನನಗೆ ಸರಿ ಕಾಣುವುದಿಲ್ಲ.

ಹದಿನಾಲ್ಕು ವಾರದ ರಾತ್ರಿಯ ವಿಷಯವನ್ನು ಅತ್ತೆಯವರಿಗೆ ಬಿಡಿಸಿ ಹೇಳಬೇಕು. ಅಂದು ಹಾಕಿದ ಪೆಂಟಾವೇಲೆಂಟ್‌ನಲ್ಲಿ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ, ಹಿಬ್ (ನ್ಯುಮೋನಿಯಾ, ಮಿದುಳುಪೊರೆಯ ಉರಿಯೂತ ತರುವ ಬ್ಯಾಕ್ಟೀರಿಯಾ ಸೋಂಕು) ಎಂಬ ಐದು ರೋಗಗಳ ಮದ್ದು ಒಟ್ಟಿಗೇ ಇದೆ. ಅದರಲ್ಲಿ ನಾಯಿಕೆಮ್ಮಿನ ಭಾಗವನ್ನು ಸತ್ತ ಇಡೀ ಬ್ಯಾಕ್ಟೀರಿಯಾದಿಂದ ಮಾಡುವುದರಿಂದ ಅಂದೇ ರಾತ್ರಿ ಅಥವಾ ಮರುದಿನ ಜ್ವರ ಬರುವುದುಂಟು, ತೊಡೆಯಲ್ಲಿ ಗಂಟು ನಿಲ್ಲುವುದೂ ಉಂಟು. ಕೆಂಪಾಗಿ, ಬಿಸಿಯಾಗಿ, ಕೀವು ತುಂಬದಿದ್ದರೆ ಅದು ತಾನಾಗಿಯೇ ಕರಗುತ್ತದೆ. ಇದನ್ನು ಆ ದಿನವೇ ನಿಮಗೆ ಹೇಳಿ ಕಳುಹಿಸಬೇಕಾಗಿತ್ತು. ಸಾಲಿನಲ್ಲಿ ಮೂವತ್ತು ಮಕ್ಕಳು ಅಳುತ್ತಿರುವಾಗ ನಾವು ಕಾರ್ಡ್ ಬರೆದು ಮುಂದಿನ ತಾರೀಕು ಹೇಳುವುದರಲ್ಲೇ ಮುಗಿಸಿಬಿಡುತ್ತೇವೆ, ಇದು ನಮ್ಮ ಕಡೆಯ ಲೋಪವೆಂದು ಮೂವತ್ತು ವರ್ಷ ಆ ಕೆಲಸ ಮಾಡಿದ ನಾನೇ ಒಪ್ಪುತ್ತೇನೆ.

ಒಂಬತ್ತು ತಿಂಗಳಿನಲ್ಲಿ ಪೆಂಟಾ ಇಲ್ಲ. ಬಲತೋಳಿಗೆ ದಡಾರ-ರುಬೆಲ್ಲಾ, ಜೊತೆಗೆ ನ್ಯುಮೋನಿಯಾ ತಡೆಯುವ ಪಿಸಿವಿಯ ಬೂಸ್ಟರ್, ಚರ್ಮದೊಳಗೆ ಕೊಡುವ ಪೋಲಿಯೋ ಚುಚ್ಚುಮದ್ದಿನ ಮೂರನೆಯ ಡೋಸ್, ಬಾಯಿಗೆ ಒಂದು ಮಿಲಿಲೀಟರ್ ವಿಟಮಿನ್-ಎ ಇರುತ್ತದೆ. ಒಂದೇ ದಿನ ಮೂರು ಸೂಜಿ ಎಂಬುದನ್ನು ಅತ್ತೆಯವರಿಗೆ ಮನೆಯಲ್ಲೇ ತಿಳಿಸಿ, ಅಲ್ಲಿ ಹೋಗಿ ನೋಡಿ ಗಾಬರಿಯಾಗುವುದು ಬೇಡ. ಮತ್ತೊಂದು ಮಾತನ್ನು ಖಂಡಿತ ಹೇಳಿಡಿ: ದಡಾರದ ಲಸಿಕೆಯ ಜ್ವರ ಬರುವುದಾದರೆ ಅಂದು ರಾತ್ರಿ ಬರುವುದಿಲ್ಲ, ಐದರಿಂದ ಹನ್ನೆರಡನೆಯ ದಿನದೊಳಗೆ ಬರುತ್ತದೆ, ಕೆಲವು ಮಕ್ಕಳಿಗೆ ಮೈಮೇಲೆ ತೆಳುವಾದ ಕೆಂಪು ಗುಳ್ಳೆಯೂ ಕಾಣಿಸಿಕೊಳ್ಳುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಜ್ವರಕ್ಕೆ ವೈದ್ಯರು ಮಗುವಿನ ತೂಕ ನೋಡಿ ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು.

ಕರೆಂಟಿನ ಬಗ್ಗೆ ಮಾವನವರು ಕೇಳಿದ್ದು ಬುದ್ಧಿವಂತರ ಪ್ರಶ್ನೆ. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಆರೋಗ್ಯ ಕೇಂದ್ರದಲ್ಲಿ ಇರುವುದು ಮನೆಯ ಫ್ರಿಜ್ ಅಲ್ಲ, ಒಳಗೋಡೆಯ ಸುತ್ತ ಮಂಜುಗಡ್ಡೆ ಕಟ್ಟಿಕೊಂಡು ಕರೆಂಟ್ ಹೋದ ಮೇಲೂ ತಂಪು ಹಿಡಿದಿಡುವ ಪೆಟ್ಟಿಗೆ. ದಿನಕ್ಕೆ ಎರಡು ಬಾರಿ ಅದರ ಉಷ್ಣಾಂಶವನ್ನು ಬರೆದಿಡುತ್ತಾರೆ. ಊರಿಗೆ ತರುವಾಗ ನಾಲ್ಕು ಐಸ್‌ಪ್ಯಾಕ್ ಇಟ್ಟ ಕ್ಯಾರಿಯರ್‌ನಲ್ಲಿ ತರುತ್ತಾರೆ. ಇಷ್ಟರ ಮೇಲೂ ಅನುಮಾನವಿದ್ದರೆ ಬಾಟಲಿಯನ್ನೇ ತೋರಿಸಿ ಎಂದು ಕೇಳಿ. ಅದರ ಮೇಲೆ ಒಂದು ಬಣ್ಣದ ವೃತ್ತವೂ ಅದರೊಳಗೆ ಒಂದು ಚೌಕವೂ ಇರುತ್ತದೆ. ಚೌಕವು ವೃತ್ತಕ್ಕಿಂತ ತಿಳಿಯಾಗಿದ್ದರೆ ಮದ್ದು ಬಳಸಬಹುದು, ಬಿಸಿ ತಗುಲಿದಷ್ಟೂ ಚೌಕ ಕಪ್ಪಾಗುತ್ತಾ ಹೋಗಿ ಎರಡೂ ಒಂದೇ ಬಣ್ಣವಾದರೆ ಅದನ್ನು ಎಸೆಯಲೇಬೇಕು. ದಡಾರದ ಮದ್ದು ಪುಡಿಯ ರೂಪದಲ್ಲಿದ್ದು, ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಬೆರೆಸಿದ ಹೊತ್ತನ್ನು ಬಾಟಲಿಯ ಮೇಲೆ ಬರೆದಿರುತ್ತಾರೆ, ಅದನ್ನೂ ಕೇಳಿ ನೋಡಬಹುದು. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು.

ಮಾತು ನಿಂತುಹೋಗುವ ಕಥೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1998ರಲ್ಲಿ ಪ್ರಕಟವಾದ, ಹನ್ನೆರಡೇ ಮಕ್ಕಳನ್ನು ಕುರಿತ ಒಂದು ಲೇಖನದಿಂದ. ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು, ಬರೆದ ವೈದ್ಯರ ಹೆಸರನ್ನು ಅಲ್ಲಿನ ವೈದ್ಯಕೀಯ ಪಟ್ಟಿಯಿಂದ ತೆಗೆಯಲಾಯಿತು. ಆಮೇಲೆ ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷ ಮಕ್ಕಳ ದಾಖಲೆಗಳನ್ನು ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಸಿಕೆಗೂ, ಮಕ್ಕಳ ಮಾತು ಮತ್ತು ಒಡನಾಟಕ್ಕೆ ತೊಡಕಾಗುವ ಆಟಿಸಂಗೂ ಸಂಬಂಧ ಕಾಣಲಿಲ್ಲ. ಆ ಲೇಖನವನ್ನು ಹಿಂತೆಗೆದುಕೊಂಡ ಮೇಲೂ, 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆಲ್ಲ ಈ ಲಸಿಕೆಯ ಅಭಿಯಾನ ನಡೆದಾಗ ಇದೇ ಸಂದೇಶ ಎಲ್ಲೆಡೆ ಹರಿದಾಡಿತು. ನಾನು ಹೋದ ಒಂದು ಶಾಲೆಯ ಗೇಟಿನಲ್ಲಿ ತಾಯಂದಿರು ಮೊಬೈಲ್ ಹಿಡಿದು ನಿಂತಿದ್ದರು. ಅವರಲ್ಲೊಬ್ಬರು, “ನಿಮ್ಮ ಮೊಮ್ಮಗುವಿಗೆ ಹಾಕಿಸಿದ್ದೀರಾ?” ಎಂದು ಕೇಳಿದರು. ಹಿಂದಿನ ದಿನವಷ್ಟೇ ಹಾಕಿಸಿದ್ದೆ. ಆ ಒಂದು ಉತ್ತರದಿಂದ ಆದಷ್ಟು ಕೆಲಸ ನನ್ನ ಕೈಯಲ್ಲಿದ್ದ ಕರಪತ್ರಗಳಿಂದ ಆಗಲಿಲ್ಲ.

ಕೊನೆಗೆ ನಿಮ್ಮ ನಾದಿನಿಯ ವಿಷಯ. ರುಬೆಲ್ಲಾ ಗರ್ಭಕ್ಕೆ ಅತಿ ಅಪಾಯಕಾರಿಯಾಗುವುದು ಮೊದಲ ಮೂರು ತಿಂಗಳಲ್ಲಿ, ಅದನ್ನು ಅವರು ದಾಟಿದ್ದಾರೆ. ಆದರೆ ದಡಾರ ಗರ್ಭಿಣಿಗೆ ಯಾವ ತಿಂಗಳಿನಲ್ಲೂ ಒಳ್ಳೆಯದಲ್ಲ, ಹುಟ್ಟಲಿರುವ ಮಗುವಿಗಂತೂ ಒಂಬತ್ತು ತಿಂಗಳವರೆಗೆ ಈ ಲಸಿಕೆ ಹಾಕುವ ಹಾಗೆಯೇ ಇಲ್ಲ. ದಡಾರ ಬಂದವರ ಹತ್ತಿರ ಸುಳಿದ, ರಕ್ಷಣೆಯಿಲ್ಲದ ಹತ್ತು ಜನರಲ್ಲಿ ಒಂಬತ್ತು ಜನರಿಗೆ ಅದು ಅಂಟುತ್ತದೆ. ಆ ಬಾಣಂತಿ ಕೋಣೆಗೆ ಅಂಬೆಗಾಲಿಟ್ಟು ಹೋಗುವವಳು ನಿಮ್ಮ ಮಗಳೇ ಅಲ್ಲವೇ? ಅತ್ತೆಯವರಿಗೆ ಇದನ್ನು ಹೇಳಿ ನೋಡಿ. ಲಸಿಕೆ ಹಾಕಿಸಿಕೊಂಡ ಮಗುವಿನಿಂದ ಗರ್ಭಿಣಿಗೆ ಏನೂ ಹರಡುವುದಿಲ್ಲ ಎಂಬುದನ್ನೂ ಸೇರಿಸಿ ಹೇಳಿ.

ಉತ್ತರ: ಸೊರಬದ ಕಡೆಯವನು

ಕ್ಯಾಸನೂರು ನಮ್ಮ ತಾಲ್ಲೂಕಿನದೇ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ನಿಮ್ಮ ಮಾವನವರು ಹೇಳುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದರಿಂದ ಜಗತ್ತಿನ ವೈದ್ಯ ಪುಸ್ತಕಗಳಲ್ಲೆಲ್ಲ ಆ ಊರಿನ ಹೆಸರು ಉಳಿದಿದೆ. ಆ ಲಸಿಕೆಯನ್ನು ನಾನೂ ಹಾಕಿಸಿಕೊಂಡಿದ್ದೇನೆ. ಹಾಕಿದ ತೋಳು ಎರಡು ದಿನ ಬೆಂಕಿ ಇಟ್ಟ ಹಾಗೆ ಉರಿಯುತ್ತಿತ್ತು, ಆ ಉರಿಗೆ ಹೆದರಿಯೇ ನಮ್ಮೂರಿನ ಅರ್ಧ ಜನ ಎರಡನೆಯ ಸಲ ಬರಲಿಲ್ಲ.

ನಿಮ್ಮ ಮಾವನವರು ಹೇಳುತ್ತಿರುವುದು ನಿಜ, ಅದನ್ನು ಸುಳ್ಳೆಂದು ಸಾಧಿಸಲು ದಯವಿಟ್ಟು ಹೋಗಬೇಡಿ. ಆ ಲಸಿಕೆಯ ಬಲವೇ ಕಡಿಮೆ ಇತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳೊಳಗೆ ಒಂದು ಬೂಸ್ಟರ್, ಆಮೇಲೂ ವರ್ಷಕ್ಕೊಮ್ಮೆಯಂತೆ ಐದು ವರ್ಷ ಹಾಕಿಸಿಕೊಳ್ಳುತ್ತಾ ಹೋಗಬೇಕಿತ್ತು. ಶಿವಮೊಗ್ಗ ಜಿಲ್ಲೆಯ 2005ರಿಂದ 2010ರವರೆಗಿನ ಲೆಕ್ಕ ನೋಡಿದವರು ಎರಡು ಡೋಸಿಗೆ ಶೇಕಡಾ 62ರಷ್ಟು, ಬೂಸ್ಟರೂ ಸೇರಿದರೆ ಶೇಕಡಾ 83ರಷ್ಟು ರಕ್ಷಣೆ ಸಿಕ್ಕಿತೆಂದು ಬರೆದಿದ್ದಾರೆ. ಎರಡೇ ಸಲ ಹಾಕಿಸಿಕೊಂಡ ನಿಮ್ಮ ಮಾವನವರಿಗೆ ಕಾಯಿಲೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಹಬ್ಬಿ ಸಾವುಗಳಾದ ಮೇಲೆ ಆ ಲಸಿಕೆಯ ಮೇಲಿನ ನಂಬಿಕೆ ಇನ್ನಷ್ಟು ಕುಸಿಯಿತು. ಈಗ ಅದನ್ನು ಕೊಡುವುದನ್ನೇ ನಿಲ್ಲಿಸಿ, ಹೊಸ ಲಸಿಕೆಯೊಂದರ ತಯಾರಿ ನಡೆದಿದೆ. ಕಾಡಿಗೆ ಹೋಗುವವರು ಕೈಕಾಲಿಗೆ ಡೇಪಾ ಎಣ್ಣೆ ಬಳಿದುಕೊಂಡು, ಈ ಕಾಯಿಲೆ ಹರಡುವ ಉಣುಗು ಮೈಗೆ ಹತ್ತದ ಹಾಗೆ ನೋಡಿಕೊಳ್ಳುವುದೇ ಸದ್ಯದ ದಾರಿ.

ಹೀಗೆ ಒಪ್ಪಿಕೊಂಡ ಮೇಲೆ ಅವರಿಗೆ ಒಂದು ಮಾತು ಹೇಳಬಹುದು. ಪಕ್ಕದ ಮನೆಯ ಎತ್ತು ಗದ್ದೆಯಲ್ಲಿ ಮಲಗಿತೆಂದು ನಮ್ಮ ಕೊಟ್ಟಿಗೆಯ ಎತ್ತನ್ನು ಯಾರೂ ಮಾರುವುದಿಲ್ಲ. ದಡಾರದ ಲಸಿಕೆ ಬೇರೆಯೇ ಮದ್ದು. ಒಂಬತ್ತು ತಿಂಗಳಿನ ಒಂದು ಡೋಸಿಗೇ ನೂರರಲ್ಲಿ ಸುಮಾರು 85 ಮಕ್ಕಳಿಗೆ ರಕ್ಷಣೆ ಸಿಗುತ್ತದೆ, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗಿನ ಎರಡನೆಯದೂ ಸೇರಿದರೆ 95 ದಾಟುತ್ತದೆ. ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ದಡಾರದ ಲಸಿಕೆ ಸೇರಿದ್ದು 1985ರಲ್ಲಿ. ನಿಮ್ಮ ಯಜಮಾನರು ಅದಾದ ಮೇಲೆ ಹುಟ್ಟಿದವರಾಗಿದ್ದರೆ ಅವರಿಗೆ ಇದನ್ನು ಹಾಕಿಸಿದವರು ಬಹುಶಃ ಇದೇ ಮಾವನವರು. ಹಳೆಯ ಕಾರ್ಡ್ ಮನೆಯಲ್ಲಿ ಎಲ್ಲಾದರೂ ಇದೆಯೇ ಹುಡುಕಿ ನೋಡಿ.

ಉತ್ತರ: ಅಡಿಕೆ ಬೆಳೆಗಾರ, ಕೊಪ್ಪ

ಮೇಲಿನ ಇಬ್ಬರ ಮಾತಿನಲ್ಲೂ ತಪ್ಪಿಲ್ಲ, ಆದರೆ ಎಲ್ಲರೂ ಹೀಗೆ ಬಿಡಿಸಿ ಹೇಳುತ್ತಾರೆಂದು ಭಾವಿಸಬೇಡಿ. ನನ್ನ ಮಗನ ಬೂಸ್ಟರ್ ಸಮಯದಲ್ಲಿ ಈ ಮದ್ದು ಯಾವುದೆಂದು ಕೇಳಿದ್ದಕ್ಕೆ, “ಓದಿದವರಾಗಿ ಇಷ್ಟೂ ತಿಳಿಯುವುದಿಲ್ಲವೇ” ಎಂದು ಹತ್ತು ಜನರ ಎದುರು ಗದರಿದರು. ಹಾಕಿಸದೆ ಎದ್ದು ಬಂದೆ. ಎರಡು ವರ್ಷದ ನಂತರ ಬೇರೊಂದು ಕಡೆ ವೈದ್ಯರೊಬ್ಬರು ಕೂರಿಸಿಕೊಂಡು ಹತ್ತು ನಿಮಿಷ ಮಾತನಾಡಿದ ಮೇಲೆ ಹಾಕಿಸಿದೆ. ಮನೆಯವರ ಹಟ ಎಂದು ನಾವು ಕರೆಯುವುದರಲ್ಲಿ ಅರ್ಧ ಪಾಲು ಇಂಥ ಅವಮಾನದಿಂದ ಬಂದದ್ದಿರುತ್ತದೆ.

ಸ್ವರ್ಣಪ್ರಾಶನವನ್ನು ಹಗುರವಾಗಿ ಕಾಣುವುದೂ ನನಗೆ ಸರಿ ತೋರುವುದಿಲ್ಲ. ಅಲ್ಲದೆ, ಲಸಿಕೆಯಿಂದ ಮಗುವಿಗೆ ನಿಜವಾಗಿಯೂ ಏನಾದರೂ ಆದರೆ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಇಲ್ಲಿ ಯಾರೂ ಎತ್ತಿಲ್ಲ.

ಉತ್ತರ: ನಿವೃತ್ತ ಆರೋಗ್ಯ ಸಹಾಯಕಿ, ಸಾಗರ

ಗದರಿದ್ದು ತಪ್ಪು, ಅದಕ್ಕೆ ಸಮರ್ಥನೆಯಿಲ್ಲ. ಅಪಾಯದ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ: ಮೈಗೆ ಒಗ್ಗದೆ ಉಸಿರು ಕಟ್ಟುವಂಥ ತೀವ್ರ ಅಲರ್ಜಿ ಹತ್ತು ಲಕ್ಷ ಡೋಸಿಗೆ ಒಂದರ ಆಸುಪಾಸಿನಲ್ಲಿ ಆಗಬಹುದು. ಅದು ಸಾಮಾನ್ಯವಾಗಿ ಆ ಕೂಡಲೇ ಆಗುವುದರಿಂದಲೇ ಅರ್ಧ ಗಂಟೆ ಅಲ್ಲೇ ಕೂರಿಸುತ್ತೇವೆ, ಅದಕ್ಕೆ ಬೇಕಾದ ಇಂಜೆಕ್ಷನ್ ನಮ್ಮ ಕಿಟ್‌ನಲ್ಲಿ ಇರುತ್ತದೆ. ಹಿಂದೆ ಯಾವುದಾದರೂ ಲಸಿಕೆಗೆ ಹಾಗಾಗಿದ್ದರೆ, ಅಥವಾ ಮಗುವಿನ ರೋಗನಿರೋಧಕ ಶಕ್ತಿಗೇ ತೊಂದರೆಯಿದ್ದರೆ ಮೊದಲು ವೈದ್ಯರಿಗೆ ಹೇಳಬೇಕು. ನೆಗಡಿ, ಸಣ್ಣ ಕೆಮ್ಮು ಇದ್ದರೆ ಹಾಕಿಸಲು ಅಡ್ಡಿಯಿಲ್ಲ.

ಸ್ವರ್ಣಪ್ರಾಶನದ ಮೇಲೆ ನನಗೇನೂ ಸಿಟ್ಟಿಲ್ಲ, ಅದು ದಡಾರವನ್ನು ತಡೆಯುವುದಿಲ್ಲ ಎಂಬುದಷ್ಟೇ ನನ್ನ ಮಾತು. ಅದರಲ್ಲಿ ಜೇನುತುಪ್ಪ ಸೇರಿರುವುದರಿಂದ, ವರ್ಷ ತುಂಬದ ಮಗುವಿಗೆ ಜೇನು ಬೇಡವೆಂದು ಮಕ್ಕಳ ವೈದ್ಯರು ಹೇಳುವುದನ್ನು ಮಾತ್ರ ನೆನಪಿಡಿ. ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಬಂದಳೆಂದು ಬೇವಿನ ಸೊಪ್ಪು ಕಟ್ಟುವ ಮನೆಯಲ್ಲೇ ನಾನೂ ಹುಟ್ಟಿದವಳು. ಮೂರು ವರ್ಷಕ್ಕೊಮ್ಮೆ ನಡೆಯುವ ನಮ್ಮೂರಿನ ಮಾರಿಕಾಂಬೆಯ ಜಾತ್ರೆಗೆ ಉಡಿ ತುಂಬಿ ಬಂದು, ಮರುದಿನ ಕ್ಯಾರಿಯರ್ ಹೆಗಲಿಗೇರಿಸಿಕೊಂಡು ಹೋಗಿದ್ದೇನೆ. ತಾಯಿ ಒಮ್ಮೆಯೂ ಸಿಟ್ಟಾಗಲಿಲ್ಲ.

ಉತ್ತರ: ತೀರ್ಥಹಳ್ಳಿಯ ಅಜ್ಜ

ನಾನೂ ನಿನ್ನ ಮಾವನ ಹಾಗೆ ಬೇಡವೆಂದು ಕುಳಿತವನೇ, ಆದ್ದರಿಂದ ಆ ಕಡೆಯ ಮಾತು ಹೇಳುತ್ತೇನೆ, ಮಗಳೇ. ಕದ್ದು ಹಾಕಿಸಬೇಡ. ನನ್ನ ಸೊಸೆ ಹಾಗೆ ಮಾಡಿದಳು. ಮೊಮ್ಮಗನಿಗೆ ಏನೂ ಆಗಲಿಲ್ಲ, ಚೆನ್ನಾಗಿಯೇ ಇದ್ದಾನೆ. ಆದರೆ ತೋಳಿನ ಮೇಲಿನ ಹತ್ತಿಯ ಚೂರನ್ನು ಕಂಡು ನನಗೆ ತಿಳಿದಾಗ, ಲಸಿಕೆಯ ಸಿಟ್ಟಿಗಿಂತ ಈ ಮನೆಯಲ್ಲಿ ನನಗೊಂದು ಮಾತು ಹೇಳಲಿಲ್ಲವಲ್ಲ ಎಂಬ ಸಿಟ್ಟೇ ಹೆಚ್ಚಾಯಿತು, ಮತ್ತು ಆ ಸಿಟ್ಟಿನಲ್ಲಿ ಮುಂದಿನ ಬೂಸ್ಟರಿಗೆ ಇನ್ನೂ ಗಟ್ಟಿಯಾಗಿ ಅಡ್ಡ ನಿಂತೆ. ಒಪ್ಪದಿದ್ದರೂ ಅವರಿಗೆ ತಿಳಿಸಿಯೇ ಹೋಗು. ಇಂಥ ಗುರುವಾರ ಹೋಗುತ್ತೇನೆ, ನೀವೂ ಬನ್ನಿ, ಬಾಟಲಿ ನೋಡಿ ಎಂದು ಹೇಳು. ನಿನ್ನ ಗಂಡನಿಗೂ ಹೇಳು: ಅಪ್ಪನಿಗೆ ತಾನೇ ಹೇಳುವುದಾಗಿ ಒಪ್ಪಿಕೊಂಡವನು ಫೋನಿನಲ್ಲಾದರೂ ಹೇಳಬೇಕು, ಆ ಭಾರವನ್ನು ನಿನ್ನೊಬ್ಬಳ ತಲೆಗೆ ಹಾಕಿ ಬೆಂಗಳೂರಿನಲ್ಲಿ ಕೂರುವುದು ತರವಲ್ಲ.

ಮಾವನ ಎಡತೋಳನ್ನೂ ಒಮ್ಮೆ ನೋಡು. ನಮ್ಮ ವಯಸ್ಸಿನವರಿಗೆಲ್ಲ ಅಲ್ಲಿ ಮೈಲಿ ಹಾಕಿಸಿದ, ಅಂದರೆ ಸಿಡುಬಿನ ಲಸಿಕೆಯ, ಗುಂಡನೆಯ ಕಲೆ ಇರುತ್ತದೆ. ಸಿಡುಬು ಬಂದು ಉಳಿದವರ ಮುಖವನ್ನು ನಾವು ಚಿಕ್ಕಂದಿನಲ್ಲಿ ಕಂಡಿದ್ದೇವೆ. 1977ರಲ್ಲಿ ದೇಶದಿಂದ ಅದು ಹೋಯಿತೆಂದು ಸಾರಿದ ಮೇಲೆ ಹುಟ್ಟಿದ ನಿಮಗೆ ಆ ಮುಖ ಗೊತ್ತಿಲ್ಲ.

ಮರುಬರಹ: ಹೊಸನಗರದ ಸೊಸೆ

ಎಲ್ಲರಿಗೂ ಕೃತಜ್ಞತೆಗಳು. ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯವಾದ್ದರಿಂದ ಬರೆಯುತ್ತಿದ್ದೇನೆ.

ಮಾವನವರಿಗೆ ಮಂಗನ ಕಾಯಿಲೆಯ ಲಸಿಕೆಯ ಲೆಕ್ಕವನ್ನು ಓದಿ ಹೇಳಿದೆ. “ಅಂದರೆ ನಾನು ಹೇಳಿದ್ದು ಸುಳ್ಳಲ್ಲ” ಎಂದರು. ಅಲ್ಲ ಎಂದೆ. ಆಮೇಲೆ ಆ ವಿಷಯ ಎತ್ತಲಿಲ್ಲ. ಅತ್ತೆಯವರಿಗೆ ನಾದಿನಿಯ ಮಗುವಿನ ಮಾತು ಹೇಳಿದಾಗ ಅವರು ಬತ್ತಿ ಹೊಸೆಯುತ್ತಿದ್ದವರು ಹಾಗೆಯೇ ಕುಳಿತುಬಿಟ್ಟರು. ಸಂಜೆ ಅಟ್ಟದ ಮೇಲಿನ ಟ್ರಂಕಿನಿಂದ, ಯಜಮಾನರ ಜಾತಕದ ಜೊತೆ ಮಡಿಸಿಟ್ಟಿದ್ದ ಹಳದಿ ಬಣ್ಣಕ್ಕೆ ತಿರುಗಿದ ಕಾರ್ಡೊಂದನ್ನು ಅವರೇ ಇಳಿಸಿ ತಂದರು. ಗೆದ್ದಲು ಒಂದು ಮೂಲೆಯನ್ನು ತಿಂದಿತ್ತು. ದಡಾರದ ಸಾಲಿನ ಮುಂದೆ ತಾರೀಕು ಇತ್ತು, ಕೆಳಗೆ ಮಾವನವರ ಸಹಿಯೂ ಇತ್ತು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಏನೂ ಹೇಳದೆ ತೋಟಕ್ಕೆ ಹೋದರು. ಯಜಮಾನರೂ ಅಂದು ರಾತ್ರಿ ಫೋನ್ ಮಾಡಿ ಮಾತನಾಡಿದರು.

ಗುರುವಾರ ಮೂವರೂ ಹೋದೆವು. ಮಾವನವರು ಒಳಗೆ ಬರಲೊಪ್ಪದೆ ಕೊಡೆ ಹಿಡಿದು ಜಗಲಿಯಲ್ಲೇ ನಿಂತರು. ಆದರೆ ಬಾಟಲಿಯನ್ನು ಹೊರಗೆ ತಂದು ತೋರಿಸಬಹುದೇ ಎಂದು ಆಶಾ ಅಕ್ಕನನ್ನು ಅವರೇ ಕೇಳಿದರು. ಅಲ್ಲಿದ್ದ ಸಿಸ್ಟರ್ ತಂದು ತೋರಿಸಿದರು. ಚೌಕ ತಿಳಿಯಾಗಿತ್ತು. ಮೂರು ಸೂಜಿಗೂ ಮಗು ಊರು ಕೇಳುವಂತೆ ಅತ್ತಿತು, ಅತ್ತೆಯವರೂ ಅತ್ತರು.

ಎಂಟನೆಯ ದಿನ ಮೈ ಬಿಸಿಯಾಯಿತು. “ಸಾಗರದ ಆ ಅಮ್ಮ ಹೇಳಿದ ಜ್ವರ ಇದೇ ಇರಬೇಕು” ಎಂದು ಅತ್ತೆಯವರೇ ಒದ್ದೆ ಬಟ್ಟೆ ಹಿಡಿದು ಕುಳಿತರು, ಮರುದಿನ ಸಂಜೆಯೊಳಗೆ ಇಳಿಯಿತು. ಸ್ವರ್ಣಪ್ರಾಶನವನ್ನು ವರ್ಷ ತುಂಬುವವರೆಗೆ ನಿಲ್ಲಿಸಲು ಅವರು ಇನ್ನೂ ಒಪ್ಪಿಲ್ಲ. ಹದಿನಾರನೆಯ ತಿಂಗಳಿನದ್ದರ ಬಗ್ಗೆ ಕೇಳಿದರೆ ಮಾವನವರು “ಆಗ ನೋಡೋಣ” ಎನ್ನುತ್ತಾರೆ, ಆದರೆ ಅದರ ತಾರೀಕನ್ನು ಮಾತ್ರ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತಾವೇ ಬರೆದಿಟ್ಟುಕೊಂಡಿದ್ದಾರೆ.